ಹಳದಿ ದೀಪ ತೆಗೆದವರು

ಇಂಗಿತಮಾಪಕ ಕಂಡರೆ ನನಗೆ ಹೇಸಿಗೆ. ಬೇಸರ, ಅಸಮಾಧಾನ ಅಂತೆಲ್ಲ ಸಭ್ಯವಾಗಿ ಹೇಳುವ ವಯಸ್ಸು ದಾಟಿತು, ಅರವತ್ತಮೂರಾಯಿತು ನನಗೆ. ಹೇಸಿಗೆ ಅಂದರೆ ಹೇಸಿಗೆ, ಊಟದ ತಾಟಿನಲ್ಲಿ ಹಲ್ಲಿ ಬಿದ್ದರೆ ಆಗುತ್ತದಲ್ಲ, ಅದು. ಆ ಯಂತ್ರ ಮಾಡಿದವರಲ್ಲಿ ನಾನೂ ಒಬ್ಬಳು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಈ ಮುದುಕಿ ಹೊಸದೇನು ಬಂದರೂ ಗೊಣಗುವವಳು ಅಂದುಕೊಂಡೀರಿ.

ನನ್ನ ಹೆಸರು ತ್ರಿಶಲಾ ಚೌಗುಲೆ. ಧಾರವಾಡದ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ತತ್ವಶಾಸ್ತ್ರ ಕಲಿಸಿ ನಿವೃತ್ತಳಾದೆ. ನಿವೃತ್ತಿಯಾದ ವರ್ಷವೇ ಹುಬ್ಬಳ್ಳಿಯಿಂದ ಕಟ್ಟಿ ಅನ್ನುವ ಇಂಜಿನಿಯರು ಮನೆಗೆ ಬಂದ. ನನ್ನ ಹಳೆಯ ವಿದ್ಯಾರ್ಥಿಯಂತೆ, ನನಗೆ ನೆನಪಿರಲಿಲ್ಲ. ಚಹಾ ಕುಡಿಯುತ್ತ ಅವನು ಕೇಳಿದ್ದು ಇಷ್ಟೇ: "ಮೇಡಂ, ಒಬ್ಬ ಮನುಷ್ಯಾ ಆಡಿದ ಮಾತಿನ ಅರ್ಥ ಇಂಥಾದ್ದೇ ಅಂತ ಯಂತ್ರ ಹೇಳಿಬಿಟ್ಟರ ಏನಾಗ್ತದ? ಜಗತ್ತಿನ್ಯಾಗಿನ ಅರ್ಧಾ ಜಗಳ ನಿಂತು ಹೋಗ್ತಾವ, ಹೌದಿಲ್ಲೋ?"

ನಾನು ನಕ್ಕು, "ಉಳಿದ ಅರ್ಧ ಸುರು ಆಗ್ತಾವ" ಅಂದೆ. ಅವನೂ ನಕ್ಕ. ಆದರೆ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ವಾರದೊಳಗೆ ಅವನ ಕಂಪನಿಯ ಭಾಷಾ ಸಲಹೆಗಾರಳಾಗಿ ಸೇರಿದೆ.

ಯಂತ್ರದ ಗುಟ್ಟು ದೊಡ್ಡದೇನಲ್ಲ. ಕುತ್ತಿಗೆಗೆ ಒಂದು ಪಟ್ಟಿ ಕಟ್ಟುತ್ತಾರೆ. ಅದು ಗಂಟಲಿನ ಸ್ನಾಯುಗಳ ನಡುಕ, ಉಸಿರು, ಚರ್ಮದ ಬೆವರು ಅಳೆಯುತ್ತದೆ. ಎದುರಿನ ಕ್ಯಾಮೆರಾ ಕಣ್ಣಿನ ಪಾಪೆ ನೋಡುತ್ತದೆ. ಇದೇ ಮಾತನ್ನು ಇದೇ ರೀತಿ ಆಡಿದ ಲಕ್ಷಾಂತರ ಜನರ ದಾಖಲೆಯ ಜೊತೆ ಹೋಲಿಸಿ, ಅವರೆಲ್ಲರ ಮನಸ್ಸಿನಲ್ಲಿ ಏನಿತ್ತೋ ಅದೇ ನಿಮ್ಮ ಮನಸ್ಸಿನಲ್ಲೂ ಇದೆ ಅನ್ನುತ್ತದೆ. ಬಾಯಿ ಇಲ್ಲದವರಿಗೂ ನಡೆಯುತ್ತದೆ, ಏಕೆಂದರೆ ಅದಕ್ಕೆ ಶಬ್ದಕ್ಕಿಂತ ಶಬ್ದದ ಹಿಂದಿನ ಒದ್ದಾಟ ಮುಖ್ಯ.

ಮೊದಲ ಮಾದರಿಗೆ ನಾನು ಏಳು ದೀಪ ಇಡಿಸಿದ್ದೆ. ನಾವು ಜೈನರು, ಒಂದು ಮಾತು ಒಂದು ದೃಷ್ಟಿಯಿಂದ ಹೌದು, ಇನ್ನೊಂದರಿಂದ ಅಲ್ಲ, ಮತ್ತೊಂದರಿಂದ ಹೇಳಲಿಕ್ಕೇ ಬಾರದ್ದು, ಹೀಗೆ ಏಳು ಬಗೆ ಎಂದು ಕೇಳಿಕೊಂಡೇ ಬೆಳೆದವರು. ಏಳು ಬಹಳವಾಯಿತು ಅಂದರು ಕಂಪನಿಯವರು. ಮೂರಕ್ಕೆ ಇಳಿಸಿದರು: ಹಸಿರು ಅಂದರೆ ಒಪ್ಪಿಗೆ, ಕೆಂಪು ಅಂದರೆ ನಿರಾಕರಣೆ, ಹಳದಿ ಅಂದರೆ 'ಇನ್ನೂ ಕೇಳಿ'. ಮೂರಾದರೂ ಉಳಿಯಿತಲ್ಲ ಎಂದು ನಾನು ಸುಮ್ಮನಾದೆ.

ಸಮಸ್ಯೆ ಏನೆಂದರೆ ಹಳದಿಯೇ ಹೆಚ್ಚು ಹತ್ತುತ್ತಿತ್ತು. ನೂರರಲ್ಲಿ ನಲವತ್ತು ಸಲ. ಕಚೇರಿಗಳಿಂದ, ಆಸ್ಪತ್ರೆಗಳಿಂದ ತಕರಾರು ಬಂತು: ಹಳದಿ ಹತ್ತಿದರೆ ಮತ್ತೆ ಕೇಳಬೇಕು, ಮತ್ತೆ ಕೇಳಿದರೆ ಮತ್ತೆ ಹಳದಿ, ಹೊರಗೆ ಸರದಿ ಬೆಳೆಯುತ್ತದೆ. ಎರಡು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ಹುಬ್ಬಳ್ಳಿಯ ಕಚೇರಿಯಲ್ಲಿ ಸಭೆ ಕರೆದರು. ಹಳದಿ ಒಂದು ಅರ್ಥವಲ್ಲ, ಬರೀ ಯಂತ್ರದ ದೋಷ ಎಂದು ಭಾಷಾ ಸಲಹೆಗಾರರು ಬರೆದುಕೊಟ್ಟರೆ ಅದನ್ನು ತೆಗೆಯಬಹುದು ಎಂದರು. ನಾನು ವಾದ ಮಾಡಿದೆ. ಒಂದು ತಾಸು ಚೆನ್ನಾಗಿಯೇ ಮಾಡಿದೆ. ಆಮೇಲೆ ಗಡಿಯಾರ ನೋಡಿದೆ.

ಐದೂ ಹತ್ತು. ಡಿಸೆಂಬರಿನಲ್ಲಿ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ. ಹೊತ್ತು ಮುಳುಗಿದ ಮೇಲೆ ನಾನು ಊಟ ಮಾಡುವುದಿಲ್ಲ, ಹುಟ್ಟಿದಾಗಿನಿಂದ ಬಂದ ನೇಮ. ಇನ್ನೂ ಅರ್ಧ ತಾಸು ಕೂತರೆ ಧಾರವಾಡ ಮುಟ್ಟಿ ಊಟ ಮಾಡಲು ಆಗುವುದಿಲ್ಲ. ಮರುದಿನ ಬೆಳಗಿನವರೆಗೆ ಉಪವಾಸ. ಕಟ್ಟಿ ಹಾಳೆಯನ್ನು ಮುಂದೆ ಸರಿಸಿದ. "ಹೊತ್ತಾಗ್ತದ ಮೇಡಂ ನಿಮಗ, ನನಗ ಗೊತ್ತದ" ಅಂದ, ಬಹಳ ಮರ್ಯಾದೆಯಿಂದ. ನಾನು ಸಹಿ ಹಾಕಿ ಬಸ್ಸು ಹಿಡಿದೆ. ಎರಡು ಭಕ್ರಿ, ಒಂದಿಷ್ಟು ಝುಣಕ, ಅಷ್ಟಕ್ಕಾಗಿ. ಥೂ.

ಹಳದಿ ಹೋದ ಮೇಲೆ ಯಂತ್ರ ಊರು ತುಂಬಿತು. ಮನೆಗೊಂದು ಸಣ್ಣ ಮಾದರಿ ಬಂತು. ನನ್ನ ಪಕ್ಕದ ಮನೆಯ ಅತ್ತೆ ಸೊಸೆ ಎದುರು ಬದುರು ಕುಳಿತು ಪಟ್ಟಿ ಕಟ್ಟಿಕೊಂಡು ಜಗಳ ತೀರಿಸಿಕೊಳ್ಳುತ್ತಿದ್ದರು. "ಸಾರು ಚಲೋ ಆಗೇತೇನ್ರಿ ಅತ್ತಿ?" ಕೆಂಪು. ಮುಗಿಯಿತು, ಸೊಸೆ ಎದ್ದು ಹೋದಳು. ಉಪ್ಪು ಹೆಚ್ಚಾಗಿತ್ತೋ, ಅತ್ತೆಗೆ ಹೊಟ್ಟೆ ಸರಿ ಇರಲಿಲ್ಲವೋ, ಸತ್ತ ಗಂಡ ನೆನಪಾಗಿದ್ದನೋ, ಯಾರೂ ಕೇಳಲಿಲ್ಲ. ನಮ್ಮ ಕಡೆ ಮಾತಿನ ಮಧ್ಯೆ ಗಳಿಗೆಗೊಮ್ಮೆ "ಅಂದ್ರ?" ಅನ್ನುತ್ತಿದ್ದರು. ಆ ಎರಡಕ್ಷರ ಸಂತೆಯಲ್ಲೂ ಕೇಳದಂತಾಯಿತು. ಆಸ್ಪತ್ರೆಯ ಗೋಡೆಯ ಮೇಲೆ ಕಂಪನಿಯವರು ದೊಡ್ಡದಾಗಿ ಬರೆಸಿದ್ದರು: 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು'. ಆಡುವ ಮುಂಚೆ ಎಚ್ಚರ ಎಂದು ಹಿರಿಯರು ಹೇಳಿದ ಗಾದೆ. ಇವರ ಕೈಯಲ್ಲಿ ಅದು, ಒಮ್ಮೆ ಆಡಿದಿರೋ ಮುಗಿಯಿತು, ಇನ್ನು ತಿದ್ದುವಂತಿಲ್ಲ ಎಂಬ ಬೆದರಿಕೆಯಾಗಿ ಗೋಡೆ ಹತ್ತಿತು.

ಬೆದರಿಕೆಗೆ ಕಾನೂನಿನ ಬಲವೂ ಬಂತು. ದೀಪ ಹತ್ತಿದ ಮೇಲೆ ಅದೇ ವಿಷಯವನ್ನು ಮೂವತ್ತು ದಿನ ಮತ್ತೆ ಕೇಳಿದರೆ ಅದು ಒತ್ತಾಯ. ಒತ್ತಾಯ ಶಿಕ್ಷಾರ್ಹ. ಹೆಣ್ಣುಮಕ್ಕಳಿಗೆ, ರೋಗಿಗಳಿಗೆ ಇದರಿಂದ ರಕ್ಷಣೆ ಎಂದು ನಾನೂ ಒಂದು ಭಾಷಣ ಮಾಡಿದ್ದೆ. ಚಪ್ಪಾಳೆಯೂ ಬಿದ್ದಿತ್ತು.

ಇನ್ನು ನನ್ನ ತಮ್ಮ ಭರಮಣ್ಣನ ಸಂಗತಿ.

ಅವನು ದರ್ಜಿ. ಧಾರವಾಡದಲ್ಲಿ ನಾಲ್ಕು ಮೆಟ್ಟಿಲು ಹತ್ತಿ ಹೋಗುವ ಸಣ್ಣ ಅಂಗಡಿ; ನನಗಿಂತ ಹೆಚ್ಚು ತತ್ವಶಾಸ್ತ್ರ ಅಲ್ಲಿ ನಡೆಯುತ್ತಿತ್ತು. ಕುಪ್ಪಸ ಹೊಲಿಸಲು ಬಂದವರ ಜೊತೆ ದೇವರು ಇದ್ದಾನೋ ಇಲ್ಲವೋ ಎಂದು ವಾದಕ್ಕೆ ಇಳಿದು ತೋಳಿನ ಅಳತೆ ತಪ್ಪಿಸುತ್ತಿದ್ದ. ಎರಡು ವರ್ಷದ ಹಿಂದೆ ಲಕ್ವಾ ಹೊಡೆಯಿತು. ಕೈಕಾಲು ಉಳಿದವು, ಮಾತು ಹೋಯಿತು. ಕೇಳಿದ್ದೆಲ್ಲ ತಿಳಿಯುತ್ತಿತ್ತು, ಬಾಯಿ ತೆರೆದರೆ ಬರುತ್ತಿದ್ದುದು ಒಂದೇ, "ಅಲ್ಲ". ಹಸಿವಾದರೂ ಅಲ್ಲ, ಖುಷಿಯಾದರೂ ಅಲ್ಲ. ಬರೆಯಲಿಕ್ಕೂ ಆಗುತ್ತಿರಲಿಲ್ಲ, ಅಕ್ಷರಗಳೆಲ್ಲ ಕಲಸಿಹೋಗಿದ್ದವು. ಆದರೂ ಅಂಗಡಿ ಬಿಡಲಿಲ್ಲ. ಗಿರಾಕಿಗಳು ಬೆರಳು ತೋರಿಸಿ ಹೇಳುತ್ತಿದ್ದರು, ಅವನು ಪೆಡಲ್ ತುಳಿಯುತ್ತಿದ್ದ.

ಸಕ್ಕರೆ ಕಾಯಿಲೆ ಅವನಿಗೆ ಮೊದಲೇ ಇತ್ತು. ಈ ಮಾರ್ಚಿನಲ್ಲಿ ಬಲಪಾದದ ಗಾಯ ಕೊಳೆತು ಆಸ್ಪತ್ರೆ ಸೇರಿದ. ಸೋಮವಾರ ಡಾಕ್ಟರ್ ಶಿರೋಳ ನೋಡಿ, ಕಾಲು ತೆಗೆಯಬೇಕು, ಒಪ್ಪಿಗೆ ತೆಗೆದುಕೊಳ್ಳಿ ಅಂದರು. ಆಸ್ಪತ್ರೆಯ ಮಾಪಕ ನೋಡಿಕೊಳ್ಳುವ ಪ್ರಮೀಳಾ ಬಂದು ಪಟ್ಟಿ ಕಟ್ಟಿ, ಹಾಳೆಯಲ್ಲಿದ್ದುದನ್ನು ಓದಿದಳು: "ಕಾಲು ತೆಗೆಯಲು ನಿಮ್ಮ ಒಪ್ಪಿಗೆ ಇದೆಯೇ?" ಅವನು "ಅಲ್ಲ, ಅಲ್ಲ" ಅಂದ. ಕೆಂಪು ಹತ್ತಿತು.

ಆ ಸಂಜೆ ನಾನು ಹೋದೆ. ಭರಮಣ್ಣನ ಹೆಂಡತಿ ಪದ್ಮವ್ವ ಬಾಗಿಲಲ್ಲೇ ಸಿಕ್ಕಳು, ಕಣ್ಣು ಕೆಂಪಾಗಿದ್ದವು. "ಅವರಿಗೆ ಬ್ಯಾಡಂತ್ರಿ ಅಕ್ಕಾರ. ದೀಪ ಹೇಳೇತಿ. ಇದ್ದಷ್ಟು ದಿನಾ ಹಿಂಗ ಇರ್ತೀನಿ ಅಂತಾರ, ಏನ್ ಮಾಡೂದ್ರಿ?"

ನಾನೇನು ಮಾಡಿದೆ ಗೊತ್ತೇ? ಮಂಚದ ತಲೆಯ ಬಳಿ ಅಂಟಿಸಿದ್ದ ಕೆಂಪು ಚೀಟಿ ನೋಡಿದೆ. ತಮ್ಮನ ತಲೆ ಸವರಿದೆ. ಅವನು ನನ್ನ ಸೆರಗು ಹಿಡಿದು ಎಳೆದು "ಅಲ್ಲ ಅಲ್ಲ" ಅಂದ. "ಆಯ್ತಪ, ತಿಳೀತು, ಯಾರೂ ನಿನಗ ಒತ್ತಾಯ ಮಾಡೂದಿಲ್ಲ" ಅಂದು ಮನೆಗೆ ಹೋದೆ. ಮೂವತ್ತು ವರ್ಷ ಹುಡುಗರಿಗೆ 'ಅರ್ಥ ಎಂದರೇನು' ಎಂದು ಕೊರೆದವಳು ಒಂದು ಚೀಟಿ ನೋಡಿ ಮನೆಗೆ ಹೋದೆ. ಹೊತ್ತು ಮುಳುಗುವ ಮುಂಚೆ ಊಟವನ್ನೂ ಮಾಡಿದೆ.

ಗುರುವಾರ ನನ್ನ ಹುಬ್ಬಳ್ಳಿಯ ದಿನ. ಕಂಪನಿಯ ನಿಯಂತ್ರಣ ಕೊಠಡಿಯಲ್ಲಿ ಗೋಡೆ ತುಂಬ ಪರದೆಗಳು. ಯಾವ ಊರಿನ ಯಾವ ಆಸ್ಪತ್ರೆ, ಕಚೇರಿಯಲ್ಲಿ ಯಾವ ದೀಪ ಹತ್ತಿತು ಎಂದು ಸಾಲು ಸಾಲಾಗಿ ಹರಿಯುತ್ತಿರುತ್ತದೆ. ಹೊಸ ಆಡುಮಾತುಗಳನ್ನು ಯಂತ್ರಕ್ಕೆ ವಿವರಿಸಿ ಹೇಳುವುದು ನನ್ನ ಕೆಲಸ. ಅವತ್ತು ಮನಸ್ಸು ನಿಲ್ಲಲಿಲ್ಲ. ತಮ್ಮನ ದಾಖಲೆ ತೆಗೆದೆ. ಪರದೆಯ ಮೇಲೆ ಮೂರು ಸಾಲು ಬಂದವು.

ಒಪ್ಪಿಗೆ: ಎಂಟು. ನಿರಾಕರಣೆ: ಮೂವತ್ತೊಂಬತ್ತು. ಇತರೆ: ಐವತ್ತಮೂರು.

ಕಟ್ಟಿಯನ್ನು ಕರೆದೆ. "ಏನೋ ಇದು? ಇತರೆ ಅಂದ್ರ?"

"ಅದು ಗದ್ದಲ, ಮೇಡಂ. ರೇಡಿಯೋದಾಗ ಕರಕರ ಅಂತ ಬರ್ತದಲ್ಲ, ಹಂಗ. ಅದನ್ನ ಲೆಕ್ಕಕ್ಕ ಹಿಡಿಯೂದಿಲ್ಲ. ಉಳಿದ ಎರಡರಾಗ ಯಾವುದು ಹೆಚ್ಚದ ಅದರ ದೀಪ ಹತ್ತತದ."

"ನೂರರಾಗ ಐವತ್ಮೂರು ಗದ್ದಲ ಇದ್ದರ ಅದು ಗದ್ದಲ ಅಲ್ಲೋ ಮಾರಾಯ. ಅವನ ಮಾತೇ ಅದು!"

"ಅದಕ್ಕ ಮೊದಲ ಹಳದಿ ಇತ್ತಲ್ರಿ" ಅಂದ ಕಟ್ಟಿ. ಅವನ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ಹಾಲು ಕಾಸುವ ವಿಧಾನ ಹೇಳುವವನ ದನಿ ಅದು. "ತಗೀಲಿಕ್ಕೆ ನೀವೇ ಬರದು ಕೊಟ್ಟಿದ್ರಿ. ನಿಮ್ಮ ಕಾಗದ ನಮ್ಮ ಫೈಲಿನಾಗ ಇನ್ನೂ ಅದ, ತೋರಸ್ಲೇನು?"

ಅವನ ಮುಖಕ್ಕೆ ಉಗುಳಬೇಕು ಅನ್ನಿಸಿತು. ಆಮೇಲೆ, ಉಗುಳುವುದಾದರೆ ಕನ್ನಡಿ ಹುಡುಕಬೇಕಾದೀತು ಅನ್ನಿಸಿತು. ಚೀಲ ತೆಗೆದುಕೊಂಡು ಎದ್ದೆ.

ಧಾರವಾಡ ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಪ್ರಮೀಳಾ ಊಟಕ್ಕೆ ಹೋಗಿದ್ದಳು. ನಾನು ಮಂಚದ ಸುತ್ತಲಿನ ಪರದೆ ಎಳೆದೆ. ವಾಸನೆ ಸೋಮವಾರಕ್ಕಿಂತ ಹೆಚ್ಚಾಗಿತ್ತು. ಪದ್ಮವ್ವ ಗಾಬರಿಯಾದಳು. "ಅಕ್ಕಾರ, ಮತ್ತ ಕೇಳಿದ್ರ ಒತ್ತಾಯ ಆಕ್ಕೈತಂತ್ರಿ. ಪೊಲೀಸರು ಬರ್ತಾರಂತ."

"ಬರ್ಲಿ ಬಿಡು. ಬಂದವರಿಗೆ ನೀನು ಚಹಾ ಕೊಡು."

ನಮ್ಮ ಅಪ್ಪ ಶೇಡಬಾಳದಲ್ಲಿ ಸಾಲಿ ಮಾಸ್ತರು. ಮನೆಯಲ್ಲಿ ಅವರದೊಂದು ಕಟ್ಟಳೆ ಇತ್ತು. ನಾನೂ ಭರಮಣ್ಣನೂ ಜಗಳಾಡಿದರೆ ಯಾರು ಸರಿ ಎಂದು ಅವರು ಹೇಳುತ್ತಿರಲಿಲ್ಲ. ನನ್ನ ವಾದವನ್ನು ಅವನು ಹೇಳಬೇಕು, ಅವನ ವಾದವನ್ನು ನಾನು. "ಹೌದು, ನನ್ನ ಮಾತು ಇದೇ" ಎಂದು ಎದುರಿನವರು ಒಪ್ಪುವವರೆಗೆ ತಾಟಿಗೆ ಎರಡನೇ ಸಲ ಬಡಿಸುತ್ತಿರಲಿಲ್ಲ. ಹಸಿದ ಹೊಟ್ಟೆಯಲ್ಲಿ, ಹೊತ್ತು ಮುಳುಗುವುದರೊಳಗೆ, ಶತ್ರುವಿನ ಪರ ವಕೀಲಿ. ಎಷ್ಟು ಶಪಿಸಿದ್ದೇವೋ ಆ ಮುದುಕನನ್ನು.

ತಮ್ಮನ ಎದುರು ಸ್ಟೂಲು ಎಳೆದು ಕೂತೆ. "ಭರಮಾ, ನಿನ್ನ ಪರವಾಗಿ ಮಾತಾಡ್ತೀನಿ. ತಪ್ಪಿದ್ರ ತಡಿ. ಕೇಳು: ನನಗ ಐವತ್ತೊಂಬತ್ತಾತು. ಬಾಯಿ ಹೋಗಿ ಎರಡು ವರ್ಷಾತು. ಈಗ ಕಾಲೂ ಕೊಯ್ಸ್ಕೊಂಡು, ಹೆಂಡ್ತಿ ಕೈಯಾಗ ಮೈ ತೊಳಸ್ಕೊಂಡು ಕೂಡೂದಕ್ಕಿಂತ ಹೋಗೂದ ಚಲೋ. ನನ್ನ ಬಿಡ್ರಿ. ಇದೇನು ನಿನ್ನ ಮಾತು?"

"ಅಲ್ಲ!" ಅಂದ. ಎಡಗೈಯಿಂದ ನನ್ನ ತೋಳಿಗೆ ಒಂದು ಬಾರಿಸಿದ. "ಅಲ್ಲ, ಅಲ್ಲ, ಅಲ್ಲ!" ಐವತ್ತು ವರ್ಷದ ಹಿಂದೆ ನಾನು ಅವನ ವಾದವನ್ನು ಕೆಡಿಸಿ ಹೇಳಿದಾಗ ಹೀಗೆಯೇ ಹೊಡೆಯುತ್ತಿದ್ದ. ಪದ್ಮವ್ವ ಬಾಯಿಗೆ ಸೆರಗು ಇಟ್ಟುಕೊಂಡಳು.

"ಆತು, ತಪ್ಪಾತು. ಇನ್ನೊಂದು ಹೇಳ್ತೀನಿ. ನನಗ ಬದುಕಬೇಕು. ಕಾಲು ಹೋದ್ರ ಹೋಗ್ಲಿ, ತಗೀರಿ. ಇದು?"

ಈಗ ಹೊಡೆಯಲಿಲ್ಲ. ತಲೆ ವಾಲಿಸಿದ, ಅರ್ಧ ಸರಿ ಅನ್ನುವಂತೆ. ನನ್ನ ಕೈ ಹಿಡಿದು ತನ್ನ ಪಾದದ ಗಂಟಿನ ಮೇಲೆ ಇಟ್ಟ. ಮೇಲಕ್ಕೆ ಸರಿಸಿದ, ಮೊಣಕಾಲಿನ ಕೆಳಗೆ. ಇನ್ನೂ ಮೇಲೆ, ತೊಡೆಗೆ. ಮತ್ತೆ ಕೆಳಗೆ ತಂದ. ಹುಬ್ಬು ಏರಿಸಿ ನನ್ನ ಮುಖ ನೋಡಿದ.

"ಎಲ್ಲೀ ತನಕಾ ತಗೀತಾರ ಅಂತ ಕೇಳಾಕತ್ತಿಯೇನೋ?"

ಅವನ ಕಣ್ಣಲ್ಲಿ ನೀರು ಬಂತು. ನಕ್ಕ ಕೂಡ. "ಅಲ್ಲ" ಅಂದ, ತಲೆಯನ್ನು ಜೋರಾಗಿ ಮೇಲೆ ಕೆಳಗೆ ಆಡಿಸುತ್ತ.

ನೋಡಿ, ಅವನು ಹೌದನ್ನಲೂ ಇಲ್ಲ, ಬೇಡವನ್ನಲೂ ಇಲ್ಲ. ಕೇಳುತ್ತಿದ್ದ. ಎಷ್ಟು ಕೊಯ್ಯುತ್ತೀರಿ ಎಂದು ತಿಳಿಯದೆ ಯಾವ ಮೂರ್ಖ ಉತ್ತರ ಹೇಳುತ್ತಾನೆ? ಬಟ್ಟೆ ಕತ್ತರಿಸುವ ಮುಂಚೆ ಅಳತೆ ಕೇಳುವ ಮನುಷ್ಯ ಅವನು. ಲಕ್ಷಾಂತರ ಜನರನ್ನು ಅರೆದು ಕುಡಿದ ಯಂತ್ರದಲ್ಲಿ ಉತ್ತರಕ್ಕೆ ಎರಡು ದೀಪ ಇದ್ದವು, ಪ್ರಶ್ನೆಗೆ ಒಂದೂ ಇರಲಿಲ್ಲ. ಮೂರು ದಿನ, ಬಂದವರ ಸೆರಗು, ಅಂಗಿ ಹಿಡಿದು ಎಳೆದು ಅವನು ಕೇಳಿದ್ದು ಅದೊಂದೇ. ನಾವೆಲ್ಲ ಅವನ ತಲೆ ಸವರಿ ಹೋಗಿದ್ದೆವು.

ಡಾಕ್ಟರನ್ನು ಕೈಹಿಡಿದು ಎಳೆತಂದೆ. ಅವರು ಮೊದಲು ಕೆಂಪು ಚೀಟಿ ನೋಡಿದರು. "ಮೇಡಂ, ಈ ವಿಷಯ ನಾನು ಮಾತಾಡಂಗಿಲ್ರಿ. ಲೈಸೆನ್ಸು ಹೋಗ್ತೈತಿ."

"ನೀವು ಏನೂ ಕೇಳಬ್ಯಾಡ್ರಿ. ಅವನು ಕೇಳಾಕತ್ತಾನ, ನೀವು ಉತ್ತರಾ ಹೇಳ್ರಿ. ಉತ್ತರಾ ಹೇಳಬಾರದಂತ ಯಾವ ಕಾನೂನಿನಾಗೂ ಇಲ್ಲ. ಎಲ್ಲಿ ತನಕಾ ತಗೀತೀರಿ?"

ಶಿರೋಳ ಕೆಟ್ಟ ಮನುಷ್ಯರಲ್ಲ. ಕೈಗವಸು ಹಾಕಿಕೊಂಡು ಬ್ಯಾಂಡೇಜು ಬಿಚ್ಚಿದರು. ಸೋಂಕಿನ ಕೆಂಪು ಗೆರೆ ಎಲ್ಲಿಯವರೆಗೆ ಹತ್ತಿದೆ ಎಂದು ಬೆರಳಿನಿಂದ ಒತ್ತುತ್ತ ಹೋದರು. ಮೊಣಕಾಲು ದಾಟಿದ ಮೇಲೂ ಬೆರಳು ನಿಲ್ಲಲಿಲ್ಲ.

"ಸೋಮವಾರ ಮೊಣಕಾಲಿನಿಂದ ನಾಕು ಬೆರಳು ಕೆಳಗ ತಗೀಬೇಕಂತ ಮಾಡಿದ್ದೆ" ಅಂದರು. "ಮೊಣಕಾಲು ಉಳಿದ್ರ ಕೃತಕ ಕಾಲು ಹಾಕ್ಕೊಂಡು ಈ ವಯಸ್ಸಿನಾಗೂ ನಡೀತಾರ್ರಿ. ಪೆಡಲ್ ಸೈತ ತುಳೀತಾರ."

"ಇವತ್ತು?"

"ಇವತ್ತು ತೊಡೀ ನಡುಮಧ್ಯ. ಅದೂ ಇವತ್ತ ಆಗಬೇಕು. ನಾಳೆ ಅಂದ್ರ ಜೀವಾ ಉಳಿಯೂದಿಲ್ಲ." ಬ್ಯಾಂಡೇಜು ಮತ್ತೆ ಸುತ್ತುತ್ತ, "ಮೊಣಕಾಲು ಹೋದ ಮ್ಯಾಲೆ ಈ ವಯಸ್ಸಿನಾಗ ನಡಿಯೂದು ಕಷ್ಟ ಐತ್ರಿ. ಸುಳ್ಳು ಯಾಕ ಹೇಳ್ಲಿ" ಅಂದರು.

ಭರಮಣ್ಣ ಎಲ್ಲ ಕೇಳಿಸಿಕೊಂಡ. ಪದ್ಮವ್ವ ಅಳುತ್ತಲೇ, "ಮೋಟಾರು ಹಚ್ಚಿದ ಮಷಿನ್ ತರೋಣ್ರಿ, ಕಾಲೇ ಬೇಕಿಲ್ಲ ಅದಕ್ಕ" ಅಂದಳು. ಪಾಪ, ಅವಳೇನು ಹೇಳಿಯಾಳು.

ಡಾಕ್ಟರು ಆಪರೇಶನ್ನಿಗೆ ಸಿದ್ಧ ಮಾಡಿಸಲು ಹೋದರು. ಹೊಸ ಒಪ್ಪಿಗೆ ಬೇಕಿತ್ತು. ರೋಗಿಯೇ ವಿಷಯ ಎತ್ತಿದರೆ ಮೂವತ್ತು ದಿನದ ನಿಯಮ ಸಡಿಲಿಸುವ ಅಧಿಕಾರ ಕಂಪನಿಗಿತ್ತು, ಕಟ್ಟಿಗೆ ಫೋನು ಮಾಡಿದೆ. ಅವನು ಕೂಡಲೇ ಅನುಮತಿ ಕೊಟ್ಟ. ಸಂತೋಷವಾಗಿದ್ದ. "ಛಲೋ ಆತು ಮೇಡಂ. ಮನುಷ್ಯಾನ ಮನಸ್ಸು ಬದಲಾದ್ರ ಮಾಪಕ ಅದನ್ನೂ ಗೌರವಿಸ್ತದ ಅಂತ ಒಂದು ಜಾಹೀರಾತು ಮಾಡಬಹುದು. ನಿಮ್ಮ ತಮ್ಮಂದು ಒಂದು ಫೋಟೋ ಕಳಸ್ರಿ." ಫೋನು ಇಟ್ಟು ವಾರ್ಡಿನ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ.

ಪ್ರಮೀಳಾ ಬರುವುದರೊಳಗೆ ಹೇಳಲೇಬೇಕಿತ್ತು. ಸ್ಟೂಲಿನ ಮೇಲೆ ಕೂತು ಹೇಳಿದೆ. "ಭರಮಾ, ಆ ಯಂತ್ರದಾಗ ಮೊದಲ 'ಇನ್ನೂ ಕೇಳಿ' ಅಂತ ಒಂದು ದೀಪ ಇತ್ತು. ಅದು ಇದ್ದಿದ್ರ ಸೋಮವಾರ ಮುಂಜಾನೇನ ನಿನ್ನ ಮತ್ತ ಕೇಳ್ತಿದ್ರು. ಅದನ್ನ ತಗೀರಿ ಅಂತ ಬರದು ಕೊಟ್ಟಾಕಿ ನಾನು. ಹೊತ್ತು ಮುಳುಗ್ತೈತಿ, ಊಟ ತಪ್ಪತೈತಿ ಅಂತ ಬರದು ಕೊಟ್ಟೆ. ನಿನ್ನ ಮೊಣಕಾಲು ತಿಂದಾಕಿ ನಾನ ಅದೀನಿ."

ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿ ಅಂತ ತೋಳು ಮುಂದೆ ಮಾಡಿಯೇ ಕೂತಿದ್ದೆ. ಅವನು ನನ್ನನ್ನು ಬಹಳ ಹೊತ್ತು ನೋಡಿದ. ಸಿಟ್ಟಿರಲಿಲ್ಲ. ಅವನ ಮುಖದಲ್ಲಿ ಯಾವತ್ತೂ ಇರುತ್ತಿದ್ದ ಒಂದು ಕಿತಾಪತಿ, ಮುಂದಿನ ಮಾತಿಗೆ ಹೊಂಚು ಹಾಕಿ ಕೂತವನ ಕಳೆ, ಲಕ್ವಾ ಹೊಡೆದಾಗಲೂ ಹೋಗದೇ ಉಳಿದದ್ದು, ಅದು ನನ್ನ ಕಣ್ಣೆದುರೇ ಇಳಿದುಹೋಯಿತು. ಆಮೇಲೆ ಅವನು ಗೋಡೆಯ ಕಡೆ ತಿರುಗಿದ.

ಪ್ರಮೀಳಾ ಕೈ ಒರೆಸಿಕೊಳ್ಳುತ್ತ ಬಂದಳು. ಅವನನ್ನು ಈ ಕಡೆ ಹೊರಳಿಸಿ ಕುತ್ತಿಗೆಗೆ ಪಟ್ಟಿ ಕಟ್ಟಿದಳು, ಕ್ಯಾಮೆರಾ ಸರಿ ಮಾಡಿದಳು, ಹಾಳೆ ನೋಡಿ ಓದಿದಳು. "ತೊಡೆಯ ಭಾಗದಿಂದ ಕಾಲು ತೆಗೆಯಲು ನಿಮ್ಮ ಒಪ್ಪಿಗೆ ಇದೆಯೇ?"

"ಅಲ್ಲ" ಅಂದ ನನ್ನ ತಮ್ಮ.

ಹಸಿರು ಹತ್ತಿತು. "ಒಪ್ಪಿಗೆ ಬಂತ್ರಿ!" ಎಂದು ಪ್ರಮೀಳಾ ಪದ್ಮವ್ವನ ಬೆನ್ನು ತಟ್ಟಿದಳು. ಪದ್ಮವ್ವ ಯಂತ್ರಕ್ಕೆ ಕೈಮುಗಿದಳು. ನಾನು ಯಂತ್ರದ ಪರದೆ ನೋಡಲಿಲ್ಲ, ಅವನನ್ನು ನೋಡಿದೆ. ಅವನ ಎಡಗೈ ಚಾದರದ ಮೇಲೆ ಬಿದ್ದಲ್ಲೇ ಬಿದ್ದಿತ್ತು. ಯಾರ ಸೆರಗನ್ನೂ ಹಿಡಿಯಲಿಲ್ಲ, ಯಾವುದನ್ನೂ ತೋರಿಸಲಿಲ್ಲ. ಯಂತ್ರ ಈ ಸಲ ಅವನನ್ನು ಸರಿಯಾಗಿಯೇ ಓದಿತ್ತು. ಅವನು ಕೇಳುವುದನ್ನು ಬಿಟ್ಟಿದ್ದ.